ಮರ ಹತ್ತಿದ ಮರಿ

ಕೆಳಗೆ ರೈಫಲ್. ಮೇಲೆ ಕರಡಿ. ನಡುವೆ ನಾನು!

ಕೊಂಬೆಯನ್ನು ತಬ್ಬಿಕೊಂಡು ಕೂತಿದ್ದೆ. ತಲೆಯ ಮೇಲಿನ ಕೊಂಬೆಯಲ್ಲಿ ಕರಡಿ ಮರಿ. ಮರಿ ಎಂದ ಕೂಡಲೇ ಮುದ್ದು ಉಕ್ಕಿಸಿಕೊಳ್ಳಬೇಡಿ. ಹುಟ್ಟಿ ಎರಡನೇ ವರ್ಷದ್ದು. ದೊಡ್ಡ ನಾಯಿಯಷ್ಟಿತ್ತು. ಅದರ ಉಗುರು ನನ್ನ ಕಿವಿಯ ಪಕ್ಕದಲ್ಲೇ ತೊಗಟೆಯನ್ನು ಕಚ್ಚಿ ಹಿಡಿದಿತ್ತು. ನನಗೆ ಭಯವಾಗಿತ್ತು. ಅದಕ್ಕೆ ನನಗಿಂತ ಹೆಚ್ಚು ಭಯವಾಗಿತ್ತು. ಎಷ್ಟೆಂದರೆ...

ಬೆಚ್ಚಗೆ ಏನೋ ನನ್ನ ಭುಜದ ಮೇಲೆ ಸುರಿಯಿತು.

ಥೂ!

ಕೆಳಗೆ ಒಂದು ಹನಿ ಬಿದ್ದರೂ ನನ್ನ ಕತೆ ಮುಗಿದಂತೆ. ಜಾಕೆಟ್ಟಿನ ತೋಳು ಒಡ್ಡಿ ಎಲ್ಲವನ್ನೂ ಹೀರಿಸಿಕೊಂಡೆ. ಪೊಲೀಸ್ ಕೆಲಸ ಬಿಟ್ಟು ಸ್ವಂತ ಪತ್ತೇದಾರಿ ಆಫೀಸ್ ತೆರೆದಾಗ ಹಳೇ ಬಾಸ್ ಹೇಳಿದ್ದರು, ಏನೇನೋ ಸಹಿಸಿಕೊಳ್ಳಬೇಕಾಗುತ್ತದೆ ಅಂತ. ಇದನ್ನು ಮಾತ್ರ ಹೇಳಿರಲಿಲ್ಲ.

"ಏಯ್! ನೆಲ ಏನೋ ನೋಡ್ತೀಯಾ? ಮೇಲೆ ನೋಡು, ಮೇಲೆ!"

ಇದು ಧಣಿಯ ದನಿ. ಬೇಟೆ ಲಾಡ್ಜಿನ ಮಾಲೀಕ. ರೈಫಲ್ ಇದ್ದದ್ದು ಅವನ ಕೈಯಲ್ಲೇ.

"ನೋಡ್ತಾ ಇದೀನಿ ಧಣಿ. ಮರ ಒಂದಾ ಎರಡಾ?"

ಇವನು ಡಬ್ಬಿ. ಧಣಿಯ ಬಲಗೈ. ಸೊಂಟದಲ್ಲಿ ಯಾವಾಗಲೂ ಒಂದು ತಗಡಿನ ಡಬ್ಬಿ ನೇತಾಡುತ್ತಿತ್ತು. ಹಾಗಾಗಿ ಆ ಹೆಸರು.

"ನಾಳೆ ವಿಚಾರಣೆ. ಅಷ್ಟರಲ್ಲಿ ಆ ಮರಿ ಇರಕೂಡದು. ಗೊತ್ತಾಯ್ತಾ?"

ಒಂದೊಂದೇ ಮರ ನೋಡುತ್ತ ಬರುತ್ತಿದ್ದರು. ನಮ್ಮ ಮರದ ಸರದಿ ಹತ್ತಿರ ಬರುತ್ತಿತ್ತು. ಅತ್ತ ದರಿ ಇತ್ತ ಪುಲಿ ಎನ್ನುತ್ತಾರೆ. ಆ ಗಾದೆ ಕಟ್ಟಿದವನು ಯಾವತ್ತೂ ಮರ ಹತ್ತಿರಲಿಲ್ಲ!

ನಾನು ಅಲ್ಲಿಗೆ ಹೇಗೆ ಬಂದೆ ಅಂತೀರಾ? ಎಲ್ಲಾ ನನ್ನ ಅಕ್ಕನ ದಯೆ.

ಹಿಂದಿನ ದಿನ ಬೆಳಿಗ್ಗೆ. ನನ್ನ ಆಫೀಸ್ ಇರುವುದು ಲಾಂಡ್ರಿಯ ಮೇಲಿನ ಮಹಡಿಯಲ್ಲಿ. ಕೆಳಗಿನಿಂದ ಇಸ್ತ್ರಿಯ ಆವಿ, ಮೇಲೆ ಸೋರುವ ಚಾವಣಿ. ಒಬ್ಬ ಒಳ್ಳೆ ಕ್ಲೈಂಟ್ ಎದುರಿಗೆ ಕೂತು ಚೆಕ್‌ಬುಕ್ ತೆಗೆಯುವ ಹೊತ್ತಿಗೆ ಅಕ್ಕ ನುಗ್ಗಿದಳು. ಶಿವಪೂಜೆಯಲ್ಲಿ ಕರಡಿ ಬಿಟ್ಟ ಹಾಗೆ. ನಿಜವಾಗಿಯೂ ಕರಡಿಯನ್ನೇ ತಂದಿದ್ದಾಳೆ ಎಂದು ಆಗ ನನಗೆ ಗೊತ್ತಿರಲಿಲ್ಲ.

"ನಿನ್ನ ಭಾವನ್ನ ಜೈಲಿಗೆ ಹಾಕ್ತಾರಂತೆ ಕಣೇ, ಪುಟ್ಟಿ!"

ಕ್ಲೈಂಟ್ ಚೆಕ್‌ಬುಕ್ ಒಳಗಿಟ್ಟ. ಪುಟ್ಟಿ ಎಂದು ಕರೆಸಿಕೊಳ್ಳುವ ಪತ್ತೇದಾರಿಣಿಯ ಮೇಲೆ ಯಾರಿಗೆ ನಂಬಿಕೆ ಬರುತ್ತದೆ?

ನನ್ನ ಭಾವ ಶಾಲಾ ಬಸ್ಸಿನ ಡ್ರೈವರ್. ಪಾರಿವಾಳ ಅಡ್ಡ ಬಂದರೆ ಬ್ರೇಕ್ ಒತ್ತುವ ಮನುಷ್ಯ. ಆದರೆ ಅವರಪ್ಪನ ಕಾಲದಿಂದ ಮನೆಯಲ್ಲಿ ಒಂದು ಬಂದೂಕಿದೆ, ಜೊತೆಗೆ ಒಂದು ಆಸೆಯಿದೆ. ನಮ್ಮಲ್ಲಿ ಕರಡಿ ಬೇಟೆಗೆ ಲಾಟರಿ ಎತ್ತಿ ಪರ್ಮಿಟ್ ಕೊಡುತ್ತಾರೆ. ವರ್ಷಗಟ್ಟಲೆ ಕಾದ ಮೇಲೆ ಭಾವನಿಗೆ ಹತ್ತಿತ್ತು. ಧಣಿಯ ಲಾಡ್ಜಿನ ಮಚಾನಿನ ಮೇಲೆ, ಅಂದರೆ ಮರಕ್ಕೆ ಕಟ್ಟಿದ ಬೇಟೆ ಅಟ್ಟಣೆಯ ಮೇಲೆ, ಕೂತು ಒಂದು ಕರಡಿಯನ್ನು ಹೊಡೆದಿದ್ದರು.

ರೂಲ್ಸ್ ಬಹಳ ಸರಳ. ಒಂಟಿ ಕರಡಿಯನ್ನು ಹೊಡೆಯಬಹುದು. ಜೊತೆಗೆ ಮರಿ ಇದ್ದರೆ ತಾಯಿಯನ್ನೂ ಮುಟ್ಟುವಂತಿಲ್ಲ, ಮರಿಯನ್ನೂ ಮುಟ್ಟುವಂತಿಲ್ಲ. ಮುಟ್ಟಿದ್ದು ಖಚಿತವಾದರೆ ಜೈಲು. ಜಾಮೀನೂ ಇಲ್ಲ!

ಭಾವ ನಿಯಮದ ಪ್ರಕಾರ ಸತ್ತ ಕರಡಿಯನ್ನು ಚೆಕ್‌ಪೋಸ್ಟಿಗೆ ಒಯ್ದರು. ಅಲ್ಲಿನ ಡಾಕ್ಟರಮ್ಮ ಪರೀಕ್ಷೆ ಮಾಡಿದರು. ಮೊಲೆಯಲ್ಲಿ ಹಾಲಿತ್ತು.

"ಹಾಲು ಇದ್ದ ಮಾತ್ರಕ್ಕೆ ಮರಿ ಇತ್ತು ಅಂತಾನಾ?" ಅಕ್ಕ ಕಣ್ಣೊರೆಸಿಕೊಂಡಳು. "ಮರಿ ಮೊದಲೇ ಸತ್ತಿರಬಹುದಲ್ವಾ? ನೀನು ಹೋಗಿ ಆ ಜಾಗ ನೋಡ್ಕೊಂಡು ಬಾ. ಮರಿ ಇಲ್ಲ ಅಂತ ವಿಚಾರಣೇಲಿ ಹೇಳು, ಸಾಕು."

"ಇದ್ರೆ?"

ಅಕ್ಕ ನನ್ನನ್ನು ದಿಟ್ಟಿಸಿದಳು.

"ಇರಲ್ಲ ಕಣೇ."

ಭಾವ ಮನೆಯೊಳಗಿರಲಿಲ್ಲ. ರಸ್ತೆ ಬದಿಗೆ ನಿಲ್ಲಿಸಿದ ಖಾಲಿ ಬಸ್ಸಿನಲ್ಲಿ ಸ್ಟಿಯರಿಂಗ್ ಹಿಡಿದು ಕೂತಿದ್ದರು. ಎಂಜಿನ್ ಆಫ್ ಆಗಿತ್ತು.

"ಏನ್ ಪೊಲೀಸಮ್ಮಾ, ಅರೆಸ್ಟ್ ಮಾಡೋಕೆ ಬಂದ್ಯಾ?"

ನಗಲು ನೋಡಿದರು. ಆಗಲಿಲ್ಲ.

"ಒಂಟಿಯಾಗಿತ್ತಾ ಭಾವ?"

"ಒಂಟಿಯಾಗೇ ಇತ್ತು ಪುಟ್ಟಿ. ಸುತ್ತ ನೋಡ್ದೆ. ಪೊದೆ ನೋಡ್ದೆ, ಹೆಜ್ಜೆ ನೋಡ್ದೆ. ಎಲ್ಲೂ ಮರಿ ಇಲ್ಲ. ಆದ್ರೆ..."

"ಆದ್ರೆ?"

"ಅದು ತಿನ್ನೋದು ಬಿಟ್ಟು ಗಾಳಿ ಕಡೆ ಮೂಗೆತ್ತಿ ನಿಂತಿತ್ತು. ಓಡ್ಲಿಲ್ಲ. ಓಡ್ಬೇಕಿತ್ತು. ಯಾರಿಗೋ ಅಡ್ಡ ನಿಂತ ಹಾಗಿತ್ತು." ಸ್ಟಿಯರಿಂಗ್ ಮೇಲಿನ ಧೂಳು ಒರೆಸಿದರು. "ಮರಿ ಇದ್ದಿದ್ರೆ... ಈಗ ಅದು ಎಲ್ಲಿರುತ್ತೆ ಪುಟ್ಟಿ?"

ನಾನು ಇಳಿದು ನೇರ ಚೆಕ್‌ಪೋಸ್ಟಿಗೆ ಹೊರಟೆ.

ಚೆಕ್‌ಪೋಸ್ಟಿನ ಹಿಂದಿನ ಕೋಣೆ. ಸಿಮೆಂಟಿನ ಮೇಜು, ನೀರಿನ ಪೈಪು, ಫಿನಾಯಿಲ್ ವಾಸನೆ. ಡಾಕ್ಟರಮ್ಮ ಕೈ ತೊಳೆಯುತ್ತ ಮಾತಾಡಿದರು.

"ಈ ಕಾನೂನು ಬಂದ ಮೇಲೆ ತಾಯಿ ಕರಡಿಗಳು ಮರಿಗಳನ್ನ ಒಂದು ವರ್ಷ ಜಾಸ್ತಿ ಜೊತೇಲಿ ಇಟ್ಕೊಳ್ತಾ ಇವೆ."

"ಕರಡಿ ಕಾನೂನು ಓದುತ್ತಾ ಡಾಕ್ಟ್ರೇ?"

"ಓದಲ್ಲ. ಬೇಗ ಮರಿ ಬಿಟ್ಟವಳು ಒಂಟಿ ಆಗ್ತಾಳೆ, ಗುಂಡು ತಿಂತಾಳೆ. ಬಿಡದೇ ಇರೋಳು ಬದುಕ್ತಾಳೆ. ಹಾಗಾಗಿ ಕಾಡಲ್ಲಿ ಬಿಡದೇ ಇರೋರೇ ಜಾಸ್ತಿ ಉಳ್ಕೊಂಡಿದಾರೆ."

"ಒಳ್ಳೇದಾಯ್ತಲ್ಲ?"

"ತಾಯಿ ಉಳೀತಾಳೆ, ಅದು ಒಳ್ಳೇದು. ಆದ್ರೆ ಮರಿ ಜೊತೇಲಿ ಇರೋವರೆಗೂ ಮುಂದಿನ ಬಸಿರಿಲ್ಲ. ಹುಟ್ಟೋದೇ ಕಮ್ಮಿ ಆಗಿದೆ. ಹೀಗಿರುವಾಗ ಒಬ್ಬ ತಾಯಿ ಸತ್ರೂ ನಷ್ಟ ದೊಡ್ಡದು." ಟವೆಲ್ ಕೊಡವಿದರು. "ಬೇಟೆಯವರಿಗೆ ಒಂಟಿ ಕರಡಿ ಕಾಣ್ಸೋದೇ ಇಲ್ಲ. ಲಾಡ್ಜ್‌ಗಳು ಒಂದೊಂದೇ ಬಾಗಿಲು ಹಾಕ್ತಿವೆ."

"ಧಣಿ ಲಾಡ್ಜು?"

"ಅದೊಂದು ಮಾತ್ರ ಜೋರಾಗಿ ನಡೀತಿದೆ. ಅವರ ಮಚಾನಿಂದ ಪ್ರತಿ ಸೀಸನ್ನಲ್ಲೂ ಒಂಟಿ ಹೆಣ್ಣು ಬರುತ್ತೆ. ಹಾಲು ಬತ್ತದೆ ಇರೋದು ಸಿಕ್ಕಿದ್ದು ಇದೇ ಮೊದಲು. ಅದು ಹೇಗೆ ಅಂತ ನನಗೆ ಇವತ್ತಿಗೂ ಅರ್ಥ ಆಗಿಲ್ಲ."

ಭಾವ ಹೇಳಿದ್ದನ್ನು ಹೇಳಿದೆ. ಗಾಳಿ ಕಡೆ ಮೂಗೆತ್ತಿ ನಿಂತದ್ದು. ಓಡದೆ ನಿಂತದ್ದು.

ಟವೆಲ್ ಅವರ ಕೈಯಲ್ಲೇ ನಿಂತಿತು.

"ಗಂಡು ಕರಡಿ ವಾಸನೆ," ಎಂದರು ಮೆಲ್ಲಗೆ. "ಹೊಸ ಗಂಡು ಬಂದ್ರೆ ಮರಿಗಳನ್ನ ಕೊಲ್ಲುತ್ತೆ. ವಾಸನೆ ಸಿಕ್ಕಿದ್ರೆ ಸಾಕು, ತಾಯಿ ಮರಿಯನ್ನ ಮರ ಹತ್ತಿಸಿ ತಾನು ಕೆಳಗೆ ಅಡ್ಡ ನಿಲ್ತಾಳೆ. ಆದ್ರೆ ಆ ಕಡೆ ಗಂಡು ಬಂದಿರೋ ಸುಳಿವೇ ಇಲ್ಲವಲ್ಲ..."

ಗಂಡು ಬರಬೇಕಿಲ್ಲ. ಅದರ ವಾಸನೆ ಬಂದರೆ ಸಾಕು. ಊರ ಸಂತೆಯಲ್ಲಿ ಎಷ್ಟೋ ಸಲ ಕಂಡಿದ್ದ ಡಬ್ಬಿಯ ಸೊಂಟ ನನಗೆ ನೆನಪಾಯಿತು.

ಹೊರಡುವಾಗ ಡಾಕ್ಟರಮ್ಮ ಒಂದು ಕ್ಯಾನ್ ಕೊಟ್ಟರು. ಕರಡಿ ಮೇಲೆ ಬಿದ್ದರೆ ಹೊಡೆಯುವ ಖಾರದ ಸ್ಪ್ರೇ.

"ಗಾಳಿ ನೋಡ್ಕೊಂಡು ಹೊಡೀರಿ. ಇಲ್ದಿದ್ರೆ ನೀವೇ ಅಳ್ತೀರಿ."

ಮರುದಿನ ಮಧ್ಯಾಹ್ನ ಮಚಾನಿನ ಬಳಿ ಹೋದೆ. ಕರಡಿಗೆ ತಿನ್ನಲು ಹಾಕಿದ್ದ ಹಳಸಿದ ಬ್ರೆಡ್ಡಿನ ರಾಶಿ. ಒಣಗಿದ ರಕ್ತದ ಕಲೆ. ಅಲ್ಲಿಂದ ಗಾಳಿ ಬರುವ ದಿಕ್ಕಿಗೆ ನಡೆದರೆ ಒಂದು ಪೊದೆ. ಅದರ ಹಿಂದೆ ಮನುಷ್ಯ ಕೂತು ಕೂತು ನೆಲ ನುಣುಪಾಗಿತ್ತು. ಅಲ್ಲೊಂದು ಚಿಂದಿ ಬಟ್ಟೆ. ಮೂಸಿದೆ. ಪ್ರಾಣಿಯ ಗಬ್ಬು ನಾತ!

ಇಷ್ಟೇ ಇವರ ಚಳಕ. ತಾಯಿ ಮರಿಯ ಜೊತೆ ತಿನ್ನಲು ಬರುತ್ತದೆ. ಡಬ್ಬಿ ಪೊದೆಯ ಹಿಂದೆ ಗಂಡು ಕರಡಿಯ ವಾಸನೆ ತುಂಬಿದ ಡಬ್ಬಿಯ ಮುಚ್ಚಳ ತೆಗೆಯುತ್ತಾನೆ. ಮರಿ ಮರ ಹತ್ತುತ್ತದೆ. ತಾಯಿ ಕೆಳಗೆ ನಿಲ್ಲುತ್ತದೆ. ಆಗ ಮಚಾನಿನ ಮೇಲೆ ತೂಕಡಿಸುತ್ತಿದ್ದ ಗಿರಾಕಿಯನ್ನು ಎಬ್ಬಿಸಿ ಧಣಿ ಹೇಳುತ್ತಾನೆ... ಅಗೋ, ಒಂಟಿ! ಗಿರಾಕಿ ಪೊದೆ ನೋಡುತ್ತಾನೆ. ಹೆಜ್ಜೆ ನೋಡುತ್ತಾನೆ. ಮರದ ಮೇಲೆ ಯಾರು ನೋಡುತ್ತಾರೆ? ತಾಯಿ ತಾಯಿಯ ಕೆಲಸ ಮಾಡಿತು. ಅದಕ್ಕೇ ಸತ್ತಿತು.

ರಾಶಿಯ ಪಕ್ಕದ ಮರದಲ್ಲಿ ಹೊಸ ಉಗುರಿನ ಗೀರುಗಳಿದ್ದವು. ಅಂಟು ಇನ್ನೂ ಒಸರುತ್ತಿತ್ತು.

ಅಷ್ಟರಲ್ಲಿ ಜೀಪಿನ ಸದ್ದು. ಬಚ್ಚಿಟ್ಟುಕೊಳ್ಳಲು ಬೇರೆ ಜಾಗವಿರಲಿಲ್ಲ. ಅದೇ ಮರ ಹತ್ತಿದೆ. ಅರ್ಧ ಹತ್ತಿದ ಮೇಲೆ ಎರಡು ಕಣ್ಣು ಕಂಡವು.

ಉಳಿದದ್ದು ನಿಮಗೆ ಗೊತ್ತು.

"ಧಣಿ... ಅಲ್ಲಿ!"

ಡಬ್ಬಿಯ ಬೆರಳು ನೇರ ನಮ್ಮ ಕಡೆಗೆ. ಧಣಿ ಕತ್ತೆತ್ತಿದ. ಮರಿಯ ಬದಲು ನನ್ನ ಬೂಟು ಕಂಡು ಕಕ್ಕಾಬಿಕ್ಕಿಯಾದ. ಆಮೇಲೆ ನಕ್ಕ.

"ಓಹೋ, ಡ್ರೈವರಣ್ಣನ ನಾದಿನಿ! ಇಳೀರಿ ಮೇಡಂ. ನಾವಿಬ್ರೂ ಒಂದೇ ಕೆಲಸಕ್ಕೆ ಬಂದಿದೀವಿ."

"ನನ್ನ ಕೆಲಸ ಬೇರೆ."

"ಏನು ಬೇರೆ? ಮರಿ ಇದ್ರೆ ನಿಮ್ಮ ಭಾವ ಒಳಗೆ, ನನ್ನ ಲಾಡ್ಜಿಗೆ ಬೀಗ. ಮರಿ ಇಲ್ದಿದ್ರೆ ನಿಮ್ಮ ಭಾವ ಮನೇಲಿ. ನೀವು ಇಳೀರಿ, ಆ ಕಡೆ ತಿರುಗಿ ನಿಂತ್ಕೊಳ್ಳಿ. ಒಂದೇ ಗುಂಡು. ಹಾವೂ ಸಾಯುತ್ತೆ, ಕೋಲೂ ಮುರಿಯಲ್ಲ."

ಸುಳ್ಳು ಹೇಳುವುದಿಲ್ಲ, ನನ್ನ ಮನಸ್ಸು ಒಂದು ಕ್ಷಣ ಆ ಕಡೆ ವಾಲಿತು. ಅಕ್ಕನ ಮುಖ ಕಣ್ಣ ಮುಂದೆ ಬಂತು. 'ಇರಲ್ಲ ಕಣೇ' ಎಂದಿದ್ದಳಲ್ಲ, ಆ ಮುಖ. ನಾನು ಇಳಿದರೆ ಎಲ್ಲ ಸಲೀಸು. ಮರಿಯೇ ಇಲ್ಲದಿದ್ದರೆ ಸಾಕ್ಷಿಯಿಲ್ಲ, ಸಾಕ್ಷಿಯಿಲ್ಲದೆ ಕಾನೂನೂ ಕೈಕಟ್ಟಿ ಕೂರುತ್ತಿತ್ತು!

ಮೇಲೆ ಮರಿ ಸಣ್ಣಗೆ ಗೊರಗೊರ ಎಂದಿತು. ತಾಯಿಯನ್ನು ಕರೆಯುತ್ತಿತ್ತೋ ಏನೋ. ಗುಂಡಿನ ಸದ್ದು ಕೇಳಿದ ಜಾಗಕ್ಕೇ ಮರಳಿ ಬಂದು ಅದೇ ಮರದಲ್ಲಿ ಕಾಯುತ್ತಿತ್ತು, ಪೆದ್ದು ಮುಂಡೇದು.

"ನಾನು ಇಳಿಯಲ್ಲ ಧಣಿ."

"ಇಳಿಯಲ್ವಾ?"

"ಇಲ್ಲ."

ಅವನ ನಗು ಹೋಯಿತು. ಮರಿ ಇನ್ನೊಂದು ಕೊಂಬೆ ಮೇಲಕ್ಕೆ ಹತ್ತಿತು. ರೈಫಲ್ ಅದರ ಹಿಂದೆಯೇ ಏರಿತು.

ಢಮಾರ್!

ನನಗೂ ಮರಿಗೂ ನಡುವಿನ ತೊಗಟೆ ಸಿಡಿಯಿತು. ಕೆನ್ನೆಗೆ ಚಕ್ಕೆ ಚುಚ್ಚಿ ರಕ್ತ ಬಂತು. ಗಾಳಿ ನೋಡಿದೆ. ನನ್ನ ಬೆನ್ನ ಹಿಂದಿನಿಂದ ಅವರ ಕಡೆಗೆ ಬೀಸುತ್ತಿತ್ತು. ಕ್ಯಾನ್ ತೆಗೆದು ಪಿನ್ ಎಳೆದು ಕೆಳಕ್ಕೆ ಒತ್ತಿದೆ.

ಕೆಂಪು ಮೋಡ ಇಬ್ಬರ ಮೇಲೂ ಇಳಿಯಿತು.

"ಅಯ್ಯಯ್ಯೋ! ಕಣ್ಣು! ಧಣಿ, ಕಣ್ಣು!"

ಜಾರಿದೆ. ಬಿದ್ದೆ. ಎದ್ದೆ. ನನ್ನ ಕಣ್ಣೂ ಉರಿಯುತ್ತಿತ್ತು. ಧಣಿ ಮೊಣಕಾಲೂರಿ ಬಿದ್ದಿದ್ದ. ರೈಫಲ್ ಕಿತ್ತುಕೊಂಡೆ. ಡಬ್ಬಿಯ ಸೊಂಟದಿಂದ ಡಬ್ಬಿ ಕಿತ್ತೆ. ಜೀಪಿನಲ್ಲಿ ಕೀ ಇತ್ತು. ಕಾಡಿನಲ್ಲಿ ಯಾರು ಕದಿಯುತ್ತಾರೆ ಎಂದು ಬಿಟ್ಟಿದ್ದರು. ನಾನು ಕದ್ದೆ!

ಹಿಂದಿನಿಂದ ಧಣಿ ವಾಕಿಟಾಕಿಯಲ್ಲಿ ಅರಚುವುದು ಕೇಳಿಸಿತು. "ಇನ್ನೊಂದು ಗಾಡಿ ಕಳ್ಸು! ಇನ್ನೊಂದು ರೈಫಲ್ಲೂ ತಗೊಂಡು ಬಾ!"

ಜೀಪು ಗುಂಡಿ ಹಾರಿತು. ಗುಡ್ಡದ ತಿರುವಿನಲ್ಲಿ ಫೋನಿಗೆ ಸಿಗ್ನಲ್ ಬಂತು. ಬ್ರೇಕ್ ಒತ್ತಿದೆ.

ಡಾಕ್ಟರಮ್ಮನಿಗೆ ಫೋನ್ ಮಾಡಿದರೆ ಗಾರ್ಡುಗಳು ಬಂದು ಮರ ಕಾಯುತ್ತಾರೆ. ಮರಿ ಉಳಿಯುತ್ತದೆ. ಭಾವ ಒಳಗೆ ಹೋಗುತ್ತಾರೆ. ಮಾಡದಿದ್ದರೆ ಧಣಿ ಕಣ್ಣು ತೊಳೆದುಕೊಂಡು ಕೆಲಸ ಮುಗಿಸುತ್ತಾನೆ. ಬೆರಳು ಡಾಕ್ಟರಮ್ಮನ ನಂಬರಿನ ಮೇಲೆ ನಿಂತಿತು. ನನ್ನ ಕೈಯಲ್ಲಾಗಲಿಲ್ಲ.

ಭಾವನಿಗೆ ಫೋನ್ ಮಾಡಿದೆ.

"ಭಾವ... ಮರಿ ಇದೆ."

ಆ ಕಡೆಯಿಂದ ಒಂದೇ ಪ್ರಶ್ನೆ.

"ಬದುಕಿದೆಯಾ?"

"ಬದುಕಿದೆ. ಧಣಿ ಕೊಲ್ಲೋಕೆ ನೋಡ್ತಿದಾನೆ. ಅದು ಸತ್ರೆ ನಿಮ್ಮ ಮೇಲೆ ಕೇಸ್ ಇಲ್ಲ. ಉಳಿದ್ರೆ..."

"ಸದ್ಯ!" ಎಂದರು ಭಾವ. ಅಳುತ್ತಿದ್ದರೋ ನಗುತ್ತಿದ್ದರೋ ತಿಳಿಯಲಿಲ್ಲ. "ಸದ್ಯ, ಬದುಕಿದೆಯಲ್ಲ! ಡಾಕ್ಟ್ರಿಗೆ ಫೋನ್ ಮಾಡು. ಮಾಡ್ತೀಯಾ, ನಾನೇ ಮಾಡ್ಲಾ?"

ಹಿಂದೆ ಅಕ್ಕನ ಕೂಗು ಕೇಳಿಸಿತು. "ಏನಂತೆ? ಏನಂತೆ ರೀ? ಇಲ್ಲ ಅಂತ ಹೇಳೋಕೆ ಹೇಳಿ ಅವಳಿಗೆ!"

"ಭಾವ, ಅಕ್ಕ..."

"ಅಕ್ಕನಿಗೆ ನಾನು ಹೇಳ್ಕೋತೀನಿ. ನೀನು ಎಲ್ಲಿದೀಯಾ?"

ಹೇಳಿದೆ. ಡಾಕ್ಟರಮ್ಮನಿಗೂ ಫೋನ್ ಮಾಡಿದೆ. ಅವರು ಗಾರ್ಡುಗಳನ್ನು ಕರೆದುಕೊಂಡು ಬೆಟ್ಟದ ಆ ಕಡೆಯ ದಾರಿಯಲ್ಲಿ ಹೊರಟರು. ಅಷ್ಟರಲ್ಲಿ ಕನ್ನಡಿಯಲ್ಲಿ ಧೂಳು ಕಂಡಿತು. ಲಾಡ್ಜಿನ ಎರಡನೇ ಗಾಡಿ. ಮುಂದಿನ ಸೀಟಿನಲ್ಲಿ ಧಣಿ, ಮುಖ ಕೆಂಪು ಟೊಮೇಟೊ. ಮರಿಯನ್ನು ಬಿಟ್ಟು ನನ್ನ ಹಿಂದೆ ಬಿದ್ದಿದ್ದ. ಒಳ್ಳೆಯದೇ ಆಯಿತು!

ಗೇರ್ ಹಾಕಿದೆ. ಇಳಿಜಾರು. ತಿರುವು. ಇನ್ನೊಂದು ತಿರುವು. ಅವರು ಹಿಂದಿನಿಂದ ಗುದ್ದಿದರು. ಜೀಪು ಅಂಚಿಗೆ ಸರಿಯಿತು. ಕೆಳಗೆ ಹೊಳೆ. ಮತ್ತೆ ಗುದ್ದು! ಸ್ಟಿಯರಿಂಗ್ ತಿರುಗಿಸಿ ಹೇಗೋ ದಾರಿಗೆ ಬಂದೆ. ದೊಡ್ಡ ರಸ್ತೆ ಸೇರುವ ಕಡೆ ಎದುರಿಗೆ ಏನೋ ಹಳದಿ ಕಂಡಿತು.

ಶಾಲಾ ಬಸ್ಸು!

ನಾನು ದಾಟಿದ್ದೇ ತಡ, ಬಸ್ಸು ರಸ್ತೆಗೆ ಅಡ್ಡ ತಿರುಗಿ ನಿಂತಿತು. ಕೆಂಪು ದೀಪ ಮಿನುಗಿತು. ಮಕ್ಕಳನ್ನು ಇಳಿಸುವಾಗ ಹೊರಗೆ ಚಾಚುವ 'ನಿಲ್ಲಿ' ಬೋರ್ಡು ಮೆಲ್ಲಗೆ ಹೊರಗೆ ಬಂತು. ಒಳಗೆ ಮಕ್ಕಳಿರಲಿಲ್ಲ. ಭಾವನಿಗೆ ಅಭ್ಯಾಸ, ಅಷ್ಟೇ. ಧಣಿಯ ಗಾಡಿ ಕಿರ್ರೆಂದು ಕಿರುಚಿ ಬೋರ್ಡಿನ ಎದುರು ನಿಂತುಬಿಟ್ಟಿತು. ದೊಡ್ಡ ರಸ್ತೆಯ ಜನರ ಎದುರು ಅವನಿಗೆ ವಾಪಸ್ ತಿರುಗದೆ ಬೇರೆ ದಾರಿಯಿರಲಿಲ್ಲ.

ಬಸ್ಸಿನ ಹಿಂದಿನ ಸೀಟಿನಲ್ಲಿ ಅಕ್ಕ ಕೂತಿದ್ದಳು. ನನ್ನ ಮುಖ ನೋಡಲಿಲ್ಲ.

ಮರುದಿನ ಬೆಳಿಗ್ಗೆ ಚೆಕ್‌ಪೋಸ್ಟಿನಲ್ಲಿ ವಿಚಾರಣೆ. ಕಾಲು ಕುಂಟುವ ಮೇಜು, ಅದರ ಹಿಂದೆ ವಿಚಾರಣಾಧಿಕಾರಿ. ಒಂದು ಕಡೆ ನಾವು. ಇನ್ನೊಂದು ಕಡೆ ಇಸ್ತ್ರಿ ಮಾಡಿದ ಕೋಟಿನಲ್ಲಿ ಧಣಿ, ಪಕ್ಕದಲ್ಲಿ ಅವನ ವಕೀಲ. ಬಾಗಿಲ ಬಳಿ ಇಬ್ಬರು ಪೊಲೀಸರು; ಧಣಿಯ ರೈಫಲನ್ನು ಹಿಂದಿನ ಸಂಜೆಯೇ ಅವರಿಗೆ ಒಪ್ಪಿಸಿದ್ದೆ. ಗಾರ್ಡುಗಳು ರಾತ್ರಿಯೆಲ್ಲ ಮರ ಕಾದಿದ್ದರು. ಮರಿ ಬೆಳಗಿನ ಜಾವ ತಾನಾಗಿಯೇ ಇಳಿದು ಕಾಡು ಸೇರಿತ್ತು.

ಭಾವ ಎದ್ದು ನಿಂತರು.

"ಮರಿ ಇತ್ತು ಸಾರ್. ನಾನು ಮೇಲೆ ನೋಡ್ಲಿಲ್ಲ. ತಪ್ಪು ನಂದೇ."

ಅಷ್ಟೇ. ಕೂತರು. ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡಳು.

ನಾನು ತಗಡಿನ ಡಬ್ಬಿಯನ್ನು ಮೇಜಿನ ಮೇಲಿಟ್ಟೆ. ಮುಚ್ಚಳ ತೆಗೆದೆ. ಅಧಿಕಾರಿ ಮೂಗು ಮುಚ್ಚಿಕೊಂಡರು. ಚಳಕವನ್ನೆಲ್ಲ ವಿವರಿಸಿದೆ. ಡಾಕ್ಟರಮ್ಮ ತಲೆಯಾಡಿಸಿದರು.

ಧಣಿ ಆಕಳಿಸಿದ.

"ವಾಸನೆ ಬಿಡಬಾರದು ಅಂತ ಯಾವ ಸೆಕ್ಷನ್ನಲ್ಲಿದೆ ಸಾರ್?"

ಅಧಿಕಾರಿ ಪುಟ ತಿರುಗಿಸಿದರು. ಇನ್ನೊಮ್ಮೆ ತಿರುಗಿಸಿದರು. ಎಲ್ಲೂ ಇರಲಿಲ್ಲ!

"ನಾನು ಯಾವ ಕರಡೀನೂ ಹೊಡೆದಿಲ್ಲ," ಎಂದ ಧಣಿ. "ಹೊಡೆದವರು ಒಪ್ಕೊಂಡಿದಾರೆ. ಬರ್ಲಾ?"

ಸರ್ಕಾರ ಚಾಪೆ ಕೆಳಗೆ ತೂರಿದರೆ ಇವನು ರಂಗೋಲಿ ಕೆಳಗೆ ತೂರುವವನು. ಎದ್ದು ಕೋಟಿನ ಗುಂಡಿ ಹಾಕಿಕೊಳ್ಳತೊಡಗಿದ. ಮೇಜಿನ ಮೇಲೆ ಡಬ್ಬಿ ತೆರೆದೇ ಇತ್ತು. ಅದನ್ನು ನೋಡುತ್ತ ನನಗೆ ಒಂದು ಯೋಚನೆ ಬಂತು. ದೊಡ್ಡ ಅಪಾಯದ ವಾಸನೆ ಬಿಟ್ಟರೆ ಎಂಥವರೂ ಬಯಲಿಗೆ ಬಂದು ನಿಲ್ಲುತ್ತಾರೆ.

"ಸಾರ್, ಕರಡಿ ವಿಷಯ ಬಿಡಿ. ಈ ಮನುಷ್ಯ ನನ್ನನ್ನ ಕೊಲ್ಲೋಕೆ ಗುಂಡು ಹಾರಿಸಿದಾನೆ. ಗುಂಡು ಇನ್ನೂ ಮರದಲ್ಲಿದೆ. ರೈಫಲ್ ಪೊಲೀಸರ ಹತ್ರ ಇದೆ. ಇದು ಕೊಲೆ ಯತ್ನ."

ಧಣಿಯ ಬಣ್ಣ ಇಳಿಯಿತು.

"ಸುಳ್ಳು!"

"ಕೆನ್ನೆ ನೋಡಿ ಸಾರ್. ಇನ್ನೊಂದು ಗೇಣು ಈಚೆ ಬಂದಿದ್ರೆ ನಾನು ಇವತ್ತು ಇಲ್ಲಿರ್ತಿರ್ಲಿಲ್ಲ. ಗುರಿ ಇಟ್ಟೇ ಹೊಡೆದ. ನಾನೇ ಬೇಕಾಗಿತ್ತು ಅವನಿಗೆ."

"ನೀವು ಸುಮ್ನಿರಿ," ವಕೀಲ ಧಣಿಯ ಕೋಟು ಎಳೆದ.

"ಏನ್ರೀ ಸುಮ್ನಿರೋದು? ಕೊಲೆ ಕೇಸ್ ಹಾಕ್ತಿದಾಳೆ ಇವಳು!" ಧಣಿ ನನ್ನ ಕಡೆ ತಿರುಗಿ ಗುಡುಗಿದ. "ನಿನ್ನ ಮೇಲೆ ಯಾವನೇ ಹೊಡೆದಿದ್ದು? ನಾನು ಗುರಿ ಇಟ್ಟಿದ್ದು ಮರಿ ಮೇಲೆ!"

ಬಾಗಿಲ ಬಳಿಯ ಪೊಲೀಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ವಕೀಲ ಹಣೆ ಹಿಡಿದುಕೊಂಡು ಕೂತ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡರು ಎಂದು ಕೇಳಿದ್ದೆ. ಕಣ್ಣಾರೆ ನೋಡಿದ್ದು ಅವತ್ತೇ. ಅಧಿಕಾರಿ ಈಗ ಪುಟ ತಿರುಗಿಸಲಿಲ್ಲ. ಆ ಸೆಕ್ಷನ್ ಅವರಿಗೆ ಬಾಯಿಪಾಠವಾಗಿತ್ತು.

ಲಾಡ್ಜಿಗೆ ಬೀಗ ಬಿತ್ತು. ಮುಂದಿನ ಸೀಸನ್ನಿಗೆ ವಾಸನೆಯ ಬಗ್ಗೆ ಹೊಸ ನಿಯಮ ಸೇರಿಸಲು ಡಾಕ್ಟರಮ್ಮ ಬರೆಯುತ್ತಿದ್ದಾರೆ. ಅದನ್ನು ದಾಟುವ ದಾರಿಯನ್ನು ಯಾವನೋ ಇನ್ನೊಬ್ಬ ಆಗಲೇ ಹುಡುಕುತ್ತಿರುತ್ತಾನೆ. ಭಾವನ ಬಂದೂಕು ಹೋಯಿತು. ಪರ್ಮಿಟ್ ಜೀವಮಾನಕ್ಕೆ ಹೋಯಿತು. ತಾವಾಗಿ ಒಪ್ಪಿಕೊಂಡದ್ದಕ್ಕೆ ಶಿಕ್ಷೆ ಕಡಿಮೆಯಾಯಿತು. ಆದರೂ ಶಿಕ್ಷೆ ಶಿಕ್ಷೆಯೇ. ಬಸ್ಸಿನ ಕೀಲಿಯನ್ನು ಅಕ್ಕನ ಕೈಗಿಟ್ಟು ವ್ಯಾನ್ ಹತ್ತಿದರು. "ಮರಿ ಈ ಚಳಿಗಾಲ ದಾಟುತ್ತಾ ಅಂತ ಡಾಕ್ಟ್ರನ್ನ ಕೇಳಿ ನನಗೆ ಹೇಳು," ಎಂದಷ್ಟೇ ಅಂದರು.

ಕೇಳಿದ್ದೆ. ಡಾಕ್ಟರಮ್ಮ ಖಾತ್ರಿ ಕೊಟ್ಟಿರಲಿಲ್ಲ.

ಅಕ್ಕ ಬಹಳ ದಿನ ನನ್ನ ಜೊತೆ ಮಾತಾಡಲಿಲ್ಲ. ಒಂದು ಸಂಜೆ ಲಾಂಡ್ರಿಯ ಮೆಟ್ಟಿಲು ಹತ್ತಿ ಬಂದಳು. ಕ್ಲೈಂಟಿನ ಕುರ್ಚಿಯಲ್ಲಿ ಕೂತಳು. ನನ್ನ ಕೆನ್ನೆಯ ಗಾಯದ ಕಲೆಯನ್ನು ಹೆಬ್ಬೆರಳಿನಿಂದ ಮುಟ್ಟಿ ನೋಡಿದಳು.

"ಆ ಧಣಿ ಕತೆ ಏನಾಯ್ತು?"

"ನನ್ನ ಮೇಲೆ ಗುಂಡು ಬಂದಿದ್ದಕ್ಕೆ ಅವತ್ತೇ ಜಾಮೀನು ಸಿಕ್ತು. ಮರಿ ಮೇಲೆ ಹೊಡೆದಿದ್ದಕ್ಕೆ ಇನ್ನೂ ಸಿಕ್ಕಿಲ್ಲ. ಒಳಗೇ ಇದಾನೆ."

ಅಕ್ಕ ನಂಬದವಳ ಹಾಗೆ ನೋಡಿದಳು.

"ಅಂದ್ರೆ ನಿನಗಿಂತ ಕರಡಿಗೇ ಬೆಲೆ ಜಾಸ್ತಿ ಅಂತಾಯ್ತು!"

"ಮರಿ ಜೊತೆಗಿದ್ರೆ ಮಾತ್ರ ಅಕ್ಕ," ಎಂದೆ. "ಒಂಟಿ ಹೆಣ್ಣನ್ನ ಹೊಡೀಬಹುದು. ರೂಲ್ಸಲ್ಲೇ ಇದೆ."